ಪೇಟಿ ಮಾಸ್ತರರ ಎರಡು ಬೆರಳು

ನನ್ನ ಸಿಟ್ಟಿನ ಬಗ್ಗೆ ಕೊಪ್ಪಳದ ಪೇಟೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಗಿರಾಕಿ ನಾಲ್ಕು ಸಲ ಬಟ್ಟೆ ಬಿಚ್ಚಿಸಿ, ಮೂಸಿ, ಎಳೆದು ನೋಡಿ, ಕಡೆಗೆ "ಬ್ಯಾಡ ಬಿಡ್ರಿ" ಎಂದರೆ ಗಜಕೋಲು ಎತ್ತಿಕೊಂಡು ಅಂಗಡಿಯ ಮೆಟ್ಟಿಲವರೆಗೆ ಅಟ್ಟಿಸಿಕೊಂಡು ಹೋದವನು ನಾನು. ಈಗ ಮೊಣಕಾಲು ಹೋಗಿವೆ, ಅಟ್ಟುವ ತಾಕತ್ತಿಲ್ಲ, ಸಿಟ್ಟು ಮಾತ್ರ ಕುಂತಲ್ಲೇ ಬರುತ್ತದೆ. ಜನ ಆ ಕತೆಗಳನ್ನು ಹೇಳಿ ನಗುತ್ತಾರೆ, ನಾನೂ ನಗುತ್ತೇನೆ. ಆದರೆ ಒಂದು ಸಲದ ಸಿಟ್ಟಿನ ಬಗ್ಗೆ ಯಾರೂ ನನ್ನೆದುರು ಬಾಯಿ ಬಿಡುವುದಿಲ್ಲ. ಅದನ್ನು ನಾನೇ ಹೇಳಬೇಕು.

ಮೂವತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮದು ಆಗ ನಿಜಾಮರ ಸೀಮೆ. ಶಾಲೆಯಲ್ಲಿ ಉರ್ದು, ಕಚೇರಿಯಲ್ಲಿ ಉರ್ದು. ಕನ್ನಡ ಮನೆಯಲ್ಲಿತ್ತು, ಸಂತೆಯಲ್ಲಿತ್ತು, ಸೋಮವಾರ ಸಂಜೆಯ ನಮ್ಮ ಭಜನೆಯಲ್ಲಿತ್ತು. ಆ ಭಜನಾ ಮೇಳಕ್ಕೆ ನಾನು ಮುಂದಾಳು. ಹದಿನಾಲ್ಕು ಜನ. ನೇಕಾರರಿದ್ದರು, ಒಕ್ಕಲುತನದವರಿದ್ದರು, ಗಾಣದವನೊಬ್ಬನಿದ್ದ. ಕಂಚಿನ ತಾಳ ಹಿಡಿದು ನಾನು ಮುಂದೆ ಕೂತು ಒಂದು ಸಾಲು ಎತ್ತಿಕೊಟ್ಟರೆ ಅವರು ಅದನ್ನು ಹಿಡಿದುಕೊಳ್ಳುತ್ತಿದ್ದರು. ನನ್ನ ದನಿ ಹೇಳಿಕೊಳ್ಳುವಂಥದ್ದಲ್ಲ. ಆದರೆ ಹದಿನಾಲ್ಕು ಗಂಟಲನ್ನು ಒಂದು ಗಂಟಲು ಮಾಡುವುದು ನನಗೆ ಬರುತ್ತಿತ್ತು. ಬೈದು, ಬೆದರಿಸಿ, ಒಮ್ಮೊಮ್ಮೆ ತಾಳದಿಂದಲೇ ತಲೆಗೆ ತಟ್ಟಿ ಆ ಕೆಲಸ ಮಾಡಿಸುತ್ತಿದ್ದೆ.

ಹಾರ್ಮೋನಿಯಮ್ಮಿಗೆ ನಾವು ಪೇಟಿ ಎನ್ನುತ್ತೇವೆ. ನಮ್ಮ ಪೇಟಿ ಮಾಸ್ತರರು ಒಂದು ನಾಟಕ ಕಂಪನಿಯ ಜೊತೆ ಕೊಪ್ಪಳಕ್ಕೆ ಬಂದವರು. ಕಂಪನಿ ಇಲ್ಲೇ ಮುರಿಯಿತು; ನಟರೆಲ್ಲ ದಿಕ್ಕಾಪಾಲಾದರು. ಮಾಸ್ತರರು ಹೆಂಡತಿ, ಒಬ್ಬಳೇ ಮಗಳನ್ನು ಕಟ್ಟಿಕೊಂಡು ನಮ್ಮ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ಉಳಿದುಕೊಂಡರು. ಅವರ ಹತ್ತಿರ ಇದ್ದ ಆಸ್ತಿಯೆಂದರೆ ಒಂದು ಕಾಲಪೇಟಿ. ಅದು ಮೇಜಿನಷ್ಟು ಎತ್ತರ. ಕುರ್ಚಿಯ ಮೇಲೆ ಕೂತು, ಎರಡೂ ಪಾದಗಳಿಂದ ಕೆಳಗಿನ ಹಲಗೆಗಳನ್ನು ತುಳಿದು ಗಾಳಿ ಹಾಕಬೇಕು; ಹಾಗಾಗಿ ಎರಡೂ ಕೈ ಕರಿ ಬಿಳಿ ಮನೆಗಳ ಮೇಲೆ ಓಡಲು ಬಿಡುವಾಗಿರುತ್ತವೆ. ಅವರು ಅದನ್ನು ನುಡಿಸಿದರೆ ನಮ್ಮ ಓಣಿಯ ಜಗಳಗಂಟ ಮುದುಕಿಯರೂ ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದರು. ಅವರು ನನ್ನ ಭಜನೆಗೆ ಬಂದು ಕೂತದ್ದು ನನ್ನ ಪುಣ್ಯ ಎಂದೇ ತಿಳಿದಿದ್ದೆ.

ಒಂದು ಸೋಮವಾರ ಭಜನೆ ಅರ್ಧಕ್ಕೆ ಬಂದಿತ್ತು. ಮಾಸ್ತರರು ಕಣ್ಣು ಮುಚ್ಚಿ ನುಡಿಸುತ್ತಿದ್ದರು. ಮುಂದಿನ ಸಾಲಿನಲ್ಲಿದ್ದ ಗಾಣದವ ಹಾಡು ಬಿಟ್ಟು ಒಮ್ಮೆಲೇ ಕೂಗಿದ.

"ಅಯ್ಯಯ್ಯ, ರಗತ! ಮಾಸ್ತರ ಕಾಲ ನೋಡ್ರಿ!"

ಕಾಲಿನ ಹಲಗೆಯಿಂದ ಒಂದು ಮೊಳೆ ಎದ್ದು ಅವರ ಬಲ ಪಾದಕ್ಕೆ ನಟ್ಟಿತ್ತು. ಹಲಗೆ ಪೂರ್ತಿ ಕೆಂಪಾಗಿತ್ತು, ನೆಲದ ಮೇಲೆ ಅಂಗೈಯಗಲ ರಕ್ತ ಹರಿದಿತ್ತು. ಅಷ್ಟಾದರೂ ಅವರು ಅದೇ ಲಯದಲ್ಲಿ ತುಳಿಯುತ್ತಲೇ ಇದ್ದರು. ಕೂಗು ಕೇಳಿ ಕಣ್ಣು ಬಿಟ್ಟು, ಕೆಳಗೆ ನೋಡಿ, ಬೆಚ್ಚಿದರು. ನೋವಿಗೆ ಬೆಚ್ಚಿದ್ದಲ್ಲ ಅದು, ಹೆದರಿಕೆಗೆ.

ನಮ್ಮ ಜನ ಏನು ಮಾಡಿದರು ಗೊತ್ತೇ? ಕೈ ಮುಗಿದರು. "ಧ್ಯಾನದಾಗ ಮೈಮ್ಯಾಲ ಖಬರ ಇಲ್ಲ ನೋಡ್ರಿ! ಮೊಳಿ ನಟ್ರೂ ಹೂಂ ಅಂದಿಲ್ಲ, ಹಾಂ ಅಂದಿಲ್ಲ!" ಎಂದು ಒಬ್ಬ ನೇಕಾರ ಉದ್ದಕ್ಕೆ ಅಡ್ಡ ಬಿದ್ದ. ಅವನ ಹಿಂದೆ ಇನ್ನಿಬ್ಬರು. ಆ ರಕ್ತವನ್ನೇ ಹಣೆಗೆ ಹಚ್ಚಿಕೊಂಡ ಮಹಾಶಯನೂ ಇದ್ದ. ನಾನೂ ಕೈ ಮುಗಿದೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಮೊಳೆ ಕಿತ್ತು, ನನ್ನ ಹೆಗಲ ಮೇಲಿನ ವಲ್ಲಿಯ ಅಂಚು ಹರಿದು ಪಾದಕ್ಕೆ ಕಟ್ಟಲು ಕೂತೆ. ಕಟ್ಟುವಾಗ ನನ್ನ ಹೆಬ್ಬೆರಳು ಗಾಯದೊಳಗೇ ಹೋಯಿತು. ಮಾಸ್ತರರು ಯಾರ ಜೊತೆಗೋ ಮಾತಾಡುತ್ತಿದ್ದರು, ಮಾತು ನಿಲ್ಲಿಸಲಿಲ್ಲ. ಬೇಕೆಂದೇ ಇನ್ನೊಮ್ಮೆ ಒತ್ತಿದೆ. ಆಗಲೂ ಅವರ ಮಾತು ನಿಲ್ಲಲಿಲ್ಲ.

ಯಲಬುರ್ಗಾದಲ್ಲಿ ನನ್ನ ದೊಡ್ಡವ್ವ ಒಬ್ಬಳಿದ್ದಳು, ಅವ್ವನ ಅಕ್ಕ. ಅವಳನ್ನು ಊರ ಹೊರಗೆ ಹೊಲದ ಗುಡಿಸಲಿನಲ್ಲಿ ಇಟ್ಟಿದ್ದರು. ಒಲೆಯೊಳಗಿನ ಕೆಂಡವನ್ನು ಅವಳು ಬರಿಗೈಯಲ್ಲಿ ಎತ್ತಿಡುವುದನ್ನು ನಾನು ಕಣ್ಣಾರೆ ಕಂಡಿದ್ದೆ. ಅವಳಿಗಿದ್ದದ್ದು ದೊಡ್ಡ ರೋಗ. ಕುಷ್ಠ ಎಂಬ ಶಬ್ದವನ್ನು ನಮ್ಮ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ, ಆಡಿದರೆ ಹೊಸ್ತಿಲು ದಾಟಿ ಒಳಗೆ ಬರುತ್ತದೆಯೆಂದು. ಅಂದು ಸಂಜೆ ನಾನೂ ಆ ಶಬ್ದ ಆಡಲಿಲ್ಲ. ಮನೆಗೆ ಬಂದು ಕೈಯನ್ನು ಬೂದಿಯಿಂದ ಮೂರು ಸಲ ತಿಕ್ಕಿ ತೊಳೆದೆ.

ಸುದ್ದಿಗೆ ಕಾಲು ಬಂದವು. ಗಂಗಾವತಿಯ ಅಕ್ಕಿ ವ್ಯಾಪಾರಿಗಳು, ತಾವರಗೇರಾದ ಸಂತೆಯವರು ಎಲ್ಲ ಸೋಮವಾರ ನಮ್ಮ ಭಜನೆಗೆ ಬಂದು ಕೂರತೊಡಗಿದರು. ಮೈಮೇಲೆ ಖಬರಿಲ್ಲದೆ ನುಡಿಸುವ ಶರಣರಂತೆ, ನೋಡಬೇಕಂತೆ! ಕುಷ್ಟಗಿಯಿಂದ ಒಬ್ಬ ಸಾವಕಾರರು ಬಂದರು. ದೊಡ್ಡ ಮನೆತನ, ಸಂಗೀತದ ಹುಚ್ಚು, ಮನೆಯಲ್ಲಿ ಗ್ರಾಮಫೋನು ಇತ್ತು. ಅವರು ಎರಡು ಸೋಮವಾರ ಕೇಳಿ, ಮೂರನೆಯ ಸೋಮವಾರ ಎರಡು ಮಾತು ಒಟ್ಟಿಗೆ ಹೇಳಿದರು. ಒಂದು, ಹುಬ್ಬಳ್ಳಿಗೆ ಗ್ರಾಮಫೋನಿನ ಪ್ಲೇಟು ಮಾಡುವವರು ಬರುತ್ತಾರೆ, ಮಾಸ್ತರರ ಪೇಟಿ ಮತ್ತು ನಮ್ಮ ಮೇಳ ಸೇರಿ ಒಂದು ಪ್ಲೇಟು ಆಗಬೇಕು, ವ್ಯವಸ್ಥೆ ಅವರದು. ಎರಡು, ಇಂಥ ಶರಣರ ಮಗಳು ತಮ್ಮ ಮನೆಗೆ ಸೊಸೆಯಾಗಿ ಬರಬೇಕು.

ನಾನು ಮಾಸ್ತರರ ಮುಖ ನೋಡಿದೆ. ಮಗಳಿಗೆ ಅಂಥ ಮನೆ ಸಿಕ್ಕಿತೆಂದರೆ ಯಾವ ತಂದೆಯಾದರೂ ಕುಣಿಯಬೇಕು. ಅವರು ಕೈಗಳನ್ನು ಧೋತರದ ಮಡಿಕೆಯಲ್ಲಿ ಅಡಗಿಸಿ ಕೂತಿದ್ದರು.

ಮರುದಿನ ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತು ನೋಡಿ, ಅಂಗಡಿಗೆ ಬಂದರು. ಗಾದಿಯ ಮೇಲೆ ಕೂರಲಿಲ್ಲ. ಬಲಗೈ ಮುಂದೆ ಮಾಡಿ ತೋರಿಸಿದರು. ಉಂಗುರದ ಬೆರಳು, ಕಿರುಬೆರಳು ಒಳಕ್ಕೆ ಮಡಚಿಕೊಂಡಿದ್ದವು. ಬೀಡಿ ಸುಟ್ಟ ಕರಿ ಕಲೆಗಳು ಎರಡರ ಮೇಲೂ ಇದ್ದವು.

"ಅಣ್ಣಾರ, ನಿಮಗ ಗೊತ್ತೈತಿ ಅನ್ನೂದು ನನಗ ಗೊತ್ತೈತ್ರಿ. ಆ ದಿನ ಗಾಯಾ ಕಟ್ಟುವಾಗ ನಿಮ್ಮ ಮಾರಿ ನೋಡೀನಿ."

"ದವಾಖಾನಿಗೆ ತೋರಿಸೀರೇನು?"

"ತೋರಿಸೀನ್ರಿ. ಅದ ಅಂತ ಹೇಳ್ಯಾರ. ಮನಿಯಾಗ ಯಾರಿಗೂ ಹೇಳಿಲ್ಲ." ಕೈಯನ್ನು ಮತ್ತೆ ಧೋತರದ ಮಡಿಕೆಗೆ ಸೇರಿಸಿದರು. "ಮಗಳ ಕೊರಳಿಗೆ ತಾಳಿ ಬೀಳೂತನಕ ಅಷ್ಟ, ಅಣ್ಣಾರ. ಆಮ್ಯಾಲ ನಾನ ಎತ್ತಾಗರ ಹೋಗಿಬಿಡ್ತೀನಿ. ಈಗ ಹೊರಗ ಬಿದ್ರ ಆ ಹುಡಿಗೀನ ಯಾರು ಮಾಡ್ಕೊಂತಾರ ಹೇಳ್ರಿ? ಜನ್ಮಾ ಪೂರ್ತಿ ಮಹಾರೋಗಿ ಮಗಳು ಅಂತ ಕೂಡ್ರತಾಳ."

ನಾನು ಮಾತು ಕೊಟ್ಟೆ. ಕನಿಕರದಿಂದ ಕೊಟ್ಟೆ ಎಂದು ಬರೆದರೆ ಚೆನ್ನಾಗಿರುತ್ತದೆ. ಕನಿಕರವೂ ಇತ್ತು. ಆದರೆ ನನ್ನ ಮೇಳದ ಪ್ಲೇಟು ಆಗಬೇಕೆಂಬ ಆಸೆ ಅದಕ್ಕಿಂತ ಒಂದು ತೂಕ ಹೆಚ್ಚೇ ಇತ್ತು.

ಕಷ್ಟ ಮುಂದೆ ಬಂತು. ಸಾವಕಾರರು ಪ್ಲೇಟಿಗೆಂದು ಒಪ್ಪಿದ ಚೀಜು, ಅಂದರೆ ಹಾಡು, ಹೇಗಿತ್ತೆಂದರೆ, ಪೇಟಿ ಒಂದು ಮಾತು ಹೇಳುವುದು, ಮೇಳ ಅದಕ್ಕೆ ಉತ್ತರ ಕೊಡುವುದು, ಮತ್ತೆ ಪೇಟಿ, ಮತ್ತೆ ಮೇಳ. ಅದರಲ್ಲಿ ಮೂರು ಕಡೆ ಮಾಸ್ತರರ ಬಲಗೈ ಮೇಲಿನ ಸ್ವರಗಳಿಗೆ ಓಡಿ ಹೋಗಿ ಓಡಿ ಬರಬೇಕು. ಐದೂ ಬೆರಳಿನ ಕೆಲಸ ಅದು. ಅವರಿಗೆ ಉಳಿದದ್ದು ಮೂರು. ಓಡುವ ಕೈ ತುದಿಗೆ ಹೋಗಿ ಮುಗ್ಗರಿಸುತ್ತಿತ್ತು. ಸ್ವರಗಳು ಬೀಳುತ್ತಿದ್ದವು, ಹಲ್ಲು ಬಿದ್ದ ಬಾಯಿಯ ಹಾಗೆ ಸಂದು ಕಾಣುತ್ತಿತ್ತು. ಬೇರೆ ಚೀಜು ತೆಗೆಯೋಣವೆಂದರೆ ಸಾವಕಾರರು ಅದನ್ನೇ ಹಿಡಿದು ಕೂತಿದ್ದರು.

ದಾರಿ ತೆಗೆದವನು ನಾನೇ. ಆ ಮೂರೂ ಕಡೆ ಪೇಟಿ ಮುಗಿಯುವವರೆಗೆ ಮೇಳ ಕಾಯಬಾರದು. ಕೈ ಮೇಲೇರಲು ತೊಡಗಿದ ಕೂಡಲೇ ಹದಿನಾಲ್ಕೂ ಜನ ತುಂಬು ಗಂಟಲಿನಿಂದ "ಶಿವಾ" ಎಂದು ಬೀಳಬೇಕು. ದನಿಯ ಅಡಿಯಲ್ಲಿ ಮುಗ್ಗರಿಸಿದ್ದು ಯಾರಿಗೂ ಕೇಳಬಾರದು. ಇದನ್ನು ಹೇಳಿದಾಗ ಮಾಸ್ತರರು ತಲೆಯಾಡಿಸಿದರು.

ನಮ್ಮವರಿಗೆ ಕಲಿಸುವುದರೊಳಗೆ ನನ್ನ ಪ್ರಾಣ ಹೋಯಿತು. ಪೇಟಿ ಮುಗಿಸಿದ ಮೇಲೆ ಹಿಡಿಯುವುದು ಅವರ ರಕ್ತದಲ್ಲೇ ಇದ್ದ ರೂಢಿ.

"ಮಾಸ್ತರ ನುಡಿಸೂದು ಮುಗಿಯೂದ್ರಾಗ ನಾವು ಬಾಯಿ ಹಾಕಿದ್ರ ಛಂದ ಕಾಣ್ತೈತೇನ್ರಿ ಅಣ್ಣಾರ?" ಎಂದ ಗಾಣದವ.

"ಛಂದ ನೋಡಾಕ ನಾ ಅದೀನಿ. ನೀ ಎತ್ತು ತಿರುಗಿಸು ಹೋಗು."

"ಹಂಗಲ್ರಿ, ದೊಡ್ಡೋರು ಮಾತಾಡುವಾಗ ನಡುವ ಬಾಯಿ ಹಾಕಿಧಂಗ ಆಗ್ತೈತ್ರಿ."

"ಹಾಕು ಅಂದ್ರ ಹಾಕು! ಇಲ್ಲಂದ್ರ ಎದ್ದು ನಡೀ!"

ಅವರು ಹಾಕಿದರು. ಬೆನ್ನ ಹಿಂದೆ ಏನು ಆಡಿಕೊಂಡರೆಂಬುದು ನನ್ನ ಹೆಂಡತಿಯ ಕಿವಿಗೆ ಬಿತ್ತು. ಅಣ್ಣಾರಿಗೆ ಹೊಟ್ಟೆಕಿಚ್ಚು, ಹೆಸರೆಲ್ಲ ಮಾಸ್ತರರಿಗೆ ಹೋಗುತ್ತದೆಂದು ಮೇಳದ ದನಿಯಿಂದ ತುಳಿಯುತ್ತಾರೆ, ಅಂತ. ಕೇಳಿ ಮೈ ಉರಿದುಹೋಯಿತು. ನುಂಗಿಕೊಂಡೆ.

ಕೊಪ್ಪಳದಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಹೋದೆವು. ಪೇಟಿಗೆ ಗೋಣಿತಟ್ಟು ಸುತ್ತಿ ಸಾಮಾನಿನ ಡಬ್ಬಿಯಲ್ಲಿ ಹಾಕಿದ್ದೆವು. ಪ್ಲೇಟು ಮಾಡುವ ಜಾಗವೆಂದರೆ ಕಿಟಕಿ ಬಾಗಿಲುಗಳಿಗೆಲ್ಲ ಕಂಬಳಿ ಹೊಡೆದ ಒಂದು ಕೋಣೆ, ಉಸಿರು ಕಟ್ಟುವ ಸೆಕೆ. ಪ್ಲೇಟಿನವನು ಮೊದಲ ಮಾತಿಗೇ ನನ್ನ ತಾಳ ಕಸಿದುಕೊಂಡ. ಕಂಚಿನ ಸದ್ದಿಗೆ ಸೂಜಿ ನೆಗೆಯುತ್ತದಂತೆ. ತಾಳವಿಲ್ಲದೆ ನಮ್ಮವರು ಹುಟ್ಟಿದಾಗಿನಿಂದ ಹಾಡಿದವರಲ್ಲ. ನಾನು ಹೆಗಲ ಮೇಲಿನ ವಲ್ಲಿ ತೆಗೆದು ಕೈಯಲ್ಲಿ ಹಿಡಿದೆ. ಅದು ಮೇಲೆ ಹೋದರೆ ಉಸಿರು ತಗೊಳ್ಳಿ, ಕೆಳಗೆ ಬಂದರೆ ಬೀಳಿ, ಎಂದೆ. ಮೂರು ನಿಮಿಷಕ್ಕೆ ಚೂರು ಮೇಲಾಗುವಷ್ಟರಲ್ಲಿ ಹಾಡು ಮುಗಿಯಬೇಕು. ಒಂದು ತಪ್ಪಿದರೂ ಹಾಡು ಕೊರೆಯುವ ಮೇಣದ ತಟ್ಟೆ ದಂಡ.

ಮೊದಲನೆಯದು ದಂಡವಾಯಿತು. ಹಾಡು ಛಲೋ ಬಂದಿತ್ತು, ತಟ್ಟೆ ಇನ್ನೂ ತಿರುಗುತ್ತಿರುವಾಗಲೇ ನಮ್ಮ ನೇಕಾರ "ಮುಗೀತೇನ್ರಿ?" ಎಂದುಬಿಟ್ಟ. ಕೊಲ್ಲುವಷ್ಟು ಸಿಟ್ಟು ಬಂತು. ಎರಡನೆಯದರಲ್ಲಿ ನನ್ನ ಕಣ್ಣು ಪೂರ್ತಿ ಮಾಸ್ತರರ ಬಲಗೈ ಮೇಲಿತ್ತು. ಕೈ ಏರತೊಡಗಿತು, ವಲ್ಲಿ ಇಳಿಸಿದೆ, ಹದಿನಾಲ್ಕು ಗಂಟಲು ಕೋಣೆಯನ್ನು ತುಂಬಿದವು. ಮೂರೂ ಸಲ ಹಾಗೇ. ಆ ಸದ್ದಿನ ಅಡಿಯಲ್ಲಿ ಮಾಸ್ತರರ ಎರಡು ಬೆರಳು ಸುಮ್ಮನೆ ಮಡಚಿಕೊಂಡು ಬಿದ್ದಿರುವುದನ್ನು ನಾನೊಬ್ಬನೇ ನೋಡಿದೆ. ಪ್ಲೇಟಿನವನು ನಕ್ಕು ಸರಿ ಎಂದ. ಆ ಪ್ಲೇಟಿಗೆ ನಾನು ಕೊಟ್ಟದ್ದು ಇಷ್ಟೇ, ಒಂದು ವಲ್ಲಿ ಬೀಸಿದ್ದು. ಅದರ ಮೇಲೆ ನನ್ನ ಹೆಸರೂ ಬರಲಿಲ್ಲ, ಬರಬೇಕೆಂದು ನಾನು ಕೇಳಲೂ ಇಲ್ಲ.

ಪ್ಲೇಟು ಊರಿಗೆ ಬರಲು ಕೆಲವು ತಿಂಗಳು ಹಿಡಿಯಿತು. ಅಷ್ಟರಲ್ಲಿ ಮಾಸ್ತರರ ಎಡಗೈಗೂ ಅದು ದಾಟುತ್ತಿತ್ತು. ಬೇಸಿಗೆಯಲ್ಲೂ ಶಾಲು ಹೊದ್ದುಕೊಂಡು ಓಡಾಡಿದರು. ಜನ ಅದಕ್ಕೂ ಸಾಧನೆ ಎಂದೇ ಹೆಸರಿಟ್ಟರು. ಅವರ ಕಿವಿಯ ತುದಿ ದಪ್ಪವಾಗುತ್ತ ಬಂದದ್ದು ನನಗೆ ಕಾಣುತ್ತಿತ್ತು, ಹುಬ್ಬು ತೆಳ್ಳಗಾದದ್ದು ಕಾಣುತ್ತಿತ್ತು. ಇವತ್ತು ಯಾರ ಕಣ್ಣಿಗೆ ಬೀಳುತ್ತದೋ, ನಾಳೆ ಯಾರು ಕೇಳುತ್ತಾರೋ ಎಂದು ಅಂಗಡಿಯಲ್ಲಿ ಕೂತಲ್ಲೇ ಬಾಗಿಲ ಕಡೆ ನೋಡುತ್ತಿದ್ದೆ. ಬೇಗ ತಾಳಿ ಬಿದ್ದರೆ ಸಾಕಪ್ಪ ದೇವರೇ ಎಂದು ಆ ಹುಡುಗಿಯ ಸಲುವಾಗಿ ನಾನು ಹರಕೆ ಹೊತ್ತೆ. ನನ್ನನ್ನು ಕಾಕಾ ಎನ್ನುತ್ತಿದ್ದಳು. ಹಬ್ಬಕ್ಕೆ ಹೋಳಿಗೆ ಮಾಡಿದರೆ ಮೊದಲನೆಯದು ನನಗೆ ತಂದುಕೊಡುವವಳು.

ಸಕ್ಕರೆ ಹಂಚಿ ಮಾತು ಗಟ್ಟಿ ಮಾಡುವ ದಿನ ಬಂತು. ಮಾಸ್ತರರ ಕೋಣೆ ಸಣ್ಣದೆಂದು ಕಾರ್ಯ ನಮ್ಮ ಪಡಸಾಲೆಯಲ್ಲಿ ಇಟ್ಟುಕೊಂಡೆವು. ಕುಷ್ಟಗಿಯಿಂದ ಸಾವಕಾರರು, ಅವರ ತಾಯಿ, ನೆಂಟರು ಬಂದರು. ನಮ್ಮ ಮೇಳದವರೂ ಬಂದು ಗೋಡೆಗುಂಟ ಕೂತರು. ಸಾವಕಾರರು ಗ್ರಾಮಫೋನು, ಹೊಸ ಪ್ಲೇಟು ಎರಡನ್ನೂ ತಂದಿದ್ದರು. ಮೊದಲು ಅದು ಹಾಡಲಿ, ಆಮೇಲೆ ಸಕ್ಕರೆ, ಎಂದರು.

ಹಾಡಿತು. ನಮ್ಮ ದನಿ ಆ ಡಬ್ಬಿಯೊಳಗಿಂದ ಬರುವುದನ್ನು ಕೇಳಿ ನೇಕಾರ ಹೆದರಿ ಹಿಂದಕ್ಕೆ ಸರಿದ, ಎಲ್ಲ ನಕ್ಕರು. ಸಾವಕಾರರು ಮಾತ್ರ ನಗಲಿಲ್ಲ. ಎರಡನೆಯ ಸಲ ಹಾಕಿದರು. ಮೂರನೆಯ ಸಲ ಹಾಕಿದರು. ಪ್ರತಿ ಸಲವೂ ಆ ಮೂರು ಜಾಗದಲ್ಲಿ ಹುಬ್ಬು ಗಂಟಿಕ್ಕಿದರು.

"ಅಣ್ಣಾರ, ಮಾಸ್ತರ ಕೈ ಓಡೂ ಹೊತ್ತಿಗೆ ಸರಿಯಾಗಿ ನಿಮ್ಮ ಮಂದಿ ಬಾಯಿ ಹಾಕ್ಯಾರ. ಒಂದ ಸಲ ಅಲ್ಲ, ಮೂರೂ ಸಲ. ಇದು ತಪ್ಪಿ ಆದದ್ದಲ್ರಿ."

ನಾನು ತಿರುಗುತ್ತಿದ್ದ ಪ್ಲೇಟಿನ ಮೇಲೆ ಕಣ್ಣಿಟ್ಟೆ.

"ಹೊಟ್ಟಿಕಿಚ್ಚು ಅಂತಾರ ಇದಕ್ಕ. ಇಂಥಾ ಶರಣರ ಪೇಟೀನ ಊರ ಕೇರಿ ಗದ್ದಲದಾಗ ಮುಳುಗಿಸಿ ಬಿಟ್ರಿ. ನಿಮಗ ತಾಳಾ ಕೊಟ್ಟೋರು ಯಾರ್ರಿ?"

ಮಾಸ್ತರರು ಶಾಲಿನೊಳಗೇ ಮುಂದಕ್ಕೆ ಬಾಗಿದರು. "ಹಂಗ ಅನಬ್ಯಾಡ್ರಿ ಸಾವಕಾರ, ನಾನ ಹೇಳಿದ್ದೆ ಅವರಿಗೆ..." ಎಂದು ನನ್ನ ತಪ್ಪನ್ನು ತಮ್ಮ ತಲೆಗೆ ತಗೊಳ್ಳಲು ಹೊರಟಿದ್ದರು. ಅಷ್ಟರಲ್ಲಿ ಗೋಡೆಯ ಕಡೆಯಿಂದ ಗಾಣದವನ ದನಿ ಬಂತು. "ನಾವೂ ಹೇಳಿದ್ವಿ ಬಿಡ್ರಿ. ಇವರು ಕೇಳಲಿಲ್ಲ." ನಮ್ಮವರೇ ಕಿಸಕ್ಕೆಂದು ನಕ್ಕರು.

ತಿಂಗಳುಗಟ್ಟಲೆ ನುಂಗಿದ್ದೆಲ್ಲ ಒಮ್ಮೆಲೇ ಗಂಟಲಿಗೆ ಬಂತು.

"ಹೊಟ್ಟಿಕಿಚ್ಚಂತ! ಆ ಮನಶಾನ ಎರಡು ಬೆರಳು ಸತ್ತು ವರ್ಷಾತು! ನನ್ನ ಮಂದಿ ಬಾಯಿ ಹಾಕದಿದ್ರ ಅಲ್ಲಿ ಏನ ಕೇಳ್ತಿತ್ತು ನಿಮಗ, ನನ್ನ ತಲಿ? ಅವರ ಮಾನ ಉಳಿಸೀನಿ ನಾನು, ಮಾನ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡಿ ಮುಗಿಸುವುದರೊಳಗೆ ನನಗೆ ತಿಳಿಯಿತು. ಪಡಸಾಲೆಯಲ್ಲಿ ಗ್ರಾಮಫೋನಿನ ಸೂಜಿ ಮಾತ್ರ ಕರಕರ ಎನ್ನುತ್ತಿತ್ತು. ಯಾರೂ ಅದನ್ನು ಎತ್ತಲಿಲ್ಲ.

"ಸತ್ತಾವ ಅಂದ್ರ?" ಎಂದರು ಸಾವಕಾರರು.

ಅವರ ತಾಯಿ, ಎಂಬತ್ತರ ಮುದುಕಿ, ಮುಂದೆ ಸರಿದು ಕೂತಳು. ಮೆಲ್ಲಗೆ ಹೇಳಿದಳು. "ಕಾಲಿಗೆ ಮೊಳಿ ನಟ್ರೂ ಗೊತ್ತಾಗಲಿಲ್ಲ ಅಂದ್ಯಲ್ಲೋ ತಮ್ಮಾ. ಮಾಸ್ತರ, ಶಾಲು ತಗೀರಿ. ಕೈ ನೋಡೂನು."

ಒಳಗಿನ ಬಾಗಿಲಲ್ಲಿ ಹುಡುಗಿ ಸಕ್ಕರೆಯ ತಾಟು ಹಿಡಿದು ನಿಂತಿದ್ದಳು. ಹಸಿರು ಸೀರೆ, ತಲೆ ತುಂಬ ಹೂ. ಅವಳು ತಂದೆಯ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು.

"ಯಾವ ಬೆರಳ್ರಿ, ಕಾಕಾ?"

ಅವಳಿಗೆ ಗೊತ್ತಿರಲಿಲ್ಲ. ತಾಯಿಗೂ ಗೊತ್ತಿರಲಿಲ್ಲ. ನನ್ನ ಬಾಯಿಂದಲೇ ಅವರಿಬ್ಬರೂ ಮೊದಲು ಕೇಳಿದ್ದು. ಮಾಸ್ತರರು ಶಾಲು ಸರಿಸಿ ಎರಡೂ ಕೈ ಮುಂದೆ ಚಾಚಿದರು.

ಕುಷ್ಟಗಿಯವರು ನೀರು ಕೂಡ ಕುಡಿಯದೆ ಎದ್ದರು. ಹೊರಗೆ ಬಂಡಿ ಹತ್ತುವಾಗ ಸಾವಕಾರರು ಕಾಲು ತೊಳೆದುಕೊಂಡದ್ದನ್ನು ನಾನು ನೋಡಿದೆ. ರಕ್ತವನ್ನು ಹಣೆಗೆ ಹಚ್ಚಿಕೊಂಡಿದ್ದ ಮಹಾಶಯ ಅಂಗಳದಲ್ಲಿ ಮಣ್ಣು ತಗೊಂಡು ಹಣೆ ತಿಕ್ಕುತ್ತ ನಿಂತಿದ್ದ, ಅದಾಗಿ ವರ್ಷ ದಾಟಿದ್ದರೂ.

ಮಾಸ್ತರರು ನನ್ನನ್ನು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ, ಕ್ಯಾಕರಿಸಿ ಉಗಿದಿದ್ದರೆ, ನಾನು ಇಷ್ಟು ವರ್ಷ ಹಗುರಾಗಿ ಇರುತ್ತಿದ್ದೆನೋ ಏನೋ. ನಾಲ್ಕನೆಯ ದಿನ ಅವರು ಊರು ಬಿಟ್ಟರು. ಬಂಡಿಯವನು ಓಣಿಯೊಳಗೆ ಬರಲು ಒಪ್ಪದೆ ಅದರ ಬಾಯಿಯಲ್ಲೇ ಬಂಡಿ ನಿಲ್ಲಿಸಿಕೊಂಡಿದ್ದ. ಗಂಟುಗಳನ್ನು ತಾಯಿ ಮಗಳು ಹೊತ್ತರು. ಉಳಿದದ್ದು ಕಾಲಪೇಟಿ. ಅದಕ್ಕೆ ನಾಲ್ಕು ಜನ ಬೇಕು. ನಮ್ಮ ಮೇಳದ ಹದಿನಾಲ್ಕು ಜನರೂ ತಮ್ಮ ತಮ್ಮ ಕಟ್ಟೆಗಳ ಮೇಲೆ ನಿಂತಿದ್ದರು. ಯಾರೂ ಇಳಿಯಲಿಲ್ಲ. ಒಂದು ಮೂಲೆ ಹುಡುಗಿ ಹಿಡಿದಳು, ಒಂದು ಮೂಲೆ ತಾಯಿ, ಮೂರನೆಯದಕ್ಕೆ ಮಾಸ್ತರರು ಮೊಣಕೈ ಕೊಟ್ಟರು. ಪೇಟಿ ಎದ್ದು ವಾಲಿತು. ನಾನು ಹೊಸ್ತಿಲ ಮೇಲಿದ್ದೆ, ಹತ್ತು ಹೆಜ್ಜೆ ದೂರ. ನನ್ನ ಹೆಂಡತಿ ನನ್ನನ್ನು ದಾಟಿಕೊಂಡು ಹೋಗಿ, ಸೆರಗು ಸಿಕ್ಕಿಸಿ, ನಾಲ್ಕನೆಯ ಮೂಲೆ ಹಿಡಿದಳು. ನಾಲ್ವರೂ ಅದನ್ನು ಓಣಿಯ ಬಾಯಿಗೆ ಒಯ್ದರು.

ಅವಳು ತಿರುಗಿ ಬಂದಾಗ ಊಟದ ಹೊತ್ತಾಗಿತ್ತು. ಒಳಗೆ ಹೋಗಿ ತಾಟಿನಲ್ಲಿ ಎರಡು ರೊಟ್ಟಿ, ಪಲ್ಯ ಹಾಕಿ ತಂದು ನನ್ನ ಮುಂದಿಟ್ಟಳು.

"ಕೈ ತೊಳಕೊಂಡಿ ಏನು?" ಎಂದೆ.

ಅವಳು ನನ್ನನ್ನು ನೋಡಿದಳು. "ಇಲ್ಲ" ಎಂದಳು.

ಬೆಳಗಿನಿಂದ ಏನೂ ತಿಂದಿರಲಿಲ್ಲ, ಹೊಟ್ಟೆ ಹಸಿದಿತ್ತು. ನಾನು ಆ ರೊಟ್ಟಿ ಮುಟ್ಟಲಿಲ್ಲ.